ಎರಡನೆಯ ತಟ್ಟೆ

ರಾಜಾಜಿನಗರದಲ್ಲಿ ಡಾಕ್ಟರ್ ಚಕ್ರಪಾಣಿಯವರ ಕ್ಲಿನಿಕ್ಕಿನ ಹಿಂದೆ, ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕೋಣೆಯೇ ಪಂಕಜಾಳ ಲ್ಯಾಬು. ಬಿ.ಎಸ್‌ಸಿ. ಮುಗಿಸಿ, ದೊಡ್ಡಾಸ್ಪತ್ರೆಯೊಂದರಲ್ಲಿ ಎರಡು ವರ್ಷ ಪಳಗಿ ಬಂದವಳು. ಕಣ್ಣಾರೆ ಕಂಡದ್ದನ್ನು ಯಾರ ಮುಂದೆಯೂ ನುಂಗಿಕೊಳ್ಳುವವಳಲ್ಲ.

೧೯೭೫ರ ಆಷಾಢದಲ್ಲಿ ಕಾಮಾಕ್ಷಿಪಾಳ್ಯದ ಶಿವಗಂಗಮ್ಮ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಎಡಗಿವಿ ಸೋರುತ್ತಿತ್ತು. ಐದು ದಿನ ಪೆನಿಸಿಲಿನ್ ಚುಚ್ಚಿದ್ದರೂ ಜ್ವರ ಬಿಟ್ಟಿರಲಿಲ್ಲ.

"ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಿದ್ರಾ?" ಪಂಕಜಾ ಕೇಳಿದಳು.

"ಎರಡೇ ಸಲ ಕಣಮ್ಮ. ಅತ್ತೆ ಕೇಳ್ಲಿಲ್ಲ."

"ಇನ್ಮೇಲೆ ಏನೂ ಹಾಕ್ಬೇಡಿ. ಅತ್ತೆ ಕೇಳಿದ್ರೆ ಲ್ಯಾಬಿನವರು ಬೇಡ ಅಂದ್ರು ಅನ್ನಿ."

ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೀವು ತೆಗೆದು, ಕ್ರಿಮಿ ಬೆಳೆಸಲು ಕುರಿಯ ರಕ್ತ ಬೆರೆಸಿದ ಅಗರ್ ಲೋಳೆಯ ತಟ್ಟೆಯ ಮೇಲೆ ಗೀರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಳು. ಉಳಿದ ಕೀವನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಮೈಕ್ರೊಸ್ಕೋಪಿನಲ್ಲಿ ನೋಡಿದಳು. ಮರುದಿನ ನೋಡಿದರೆ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ.

"ಇಂಜೆಕ್ಷನ್‌ಗೆ ಸತ್ತಿರುತ್ತೆ. ಕ್ರಿಮಿ ಇಲ್ಲ ಅಂತ ಬರೆದ್ಬಿಡಮ್ಮ," ಎಂದರು ಡಾಕ್ಟರು.

"ಹಾಗೆ ಬರೆಯಕ್ಕಾಗಲ್ಲ ಸಾರ್. ಸ್ಲೈಡ್‌ನಲ್ಲಿ ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು ಕಾಣ್ತಾ ಇವೆ. ಬೆಳೀಲಿಲ್ಲ ಅಂದ್ರೆ ಇಲ್ಲ ಅಂತಲ್ಲ, ನಾವು ಬಡಿಸಿದ ಊಟ ಅದಕ್ಕೆ ಹಿಡಿಸಿಲ್ಲ."

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಎಷ್ಟು ದಿನ ಬೇಕು ನಿಂಗೆ?"

"ಎರಡು."

ಮಗುವನ್ನು ಕರೆಸಿ ಮತ್ತೆ ಕೀವು ತೆಗೆದಳು. ಈ ಸಲ ಅಗರ್ ಸುಡುಸುಡು ಇರುವಾಗಲೇ ರಕ್ತ ಬೆರೆಸಿದಳು. ಕಾವಿಗೆ ರಕ್ತಕಣ ಒಡೆದು ಒಳಗಿನ ಸತ್ವ ಹೊರಬಂತು. ಕೆಂಪು ಹೋಗಿ ಚಾಕೊಲೇಟ್ ಬಣ್ಣ ತಿರುಗಿತು. ಆ ತಟ್ಟೆಯನ್ನು ಗಾಜಿನ ಜಾಡಿಯಲ್ಲಿಟ್ಟು, ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿ ಬಿಗಿಯಾಗಿ ಮುಚ್ಚಿದಳು. ಬತ್ತಿ ತಾನಾಗಿ ಆರಿ, ಒಳಗಿನ ಗಾಳಿ ಕ್ರಿಮಿಗೆ ಬೇಕಾದ ಹದಕ್ಕೆ ಬಂತು.

ಬೆಳಿಗ್ಗೆ ತಟ್ಟೆಯ ತುಂಬ ಇಬ್ಬನಿಯಂಥ ಬೂದು ಚುಕ್ಕೆಗಳು. ಅವನ್ನು ಅಂಥದೇ ಇನ್ನೊಂದು ತಟ್ಟೆಗೆ ಹಚ್ಚಿ, ಮೇಲೆ ಬೇರೆ ಬೇರೆ ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟಳು. ಮರುದಿನ ಪೆನಿಸಿಲಿನ್ ಬಿಲ್ಲೆಯ ಅಂಚಿನವರೆಗೂ ಕ್ರಿಮಿ ಹಾಯಾಗಿ ಹಬ್ಬಿತ್ತು. ಆಂಪಿಸಿಲಿನ್ ಸುತ್ತ ಒಂದು ಚುಕ್ಕೆಯೂ ಇರಲಿಲ್ಲ.

ಡಾಕ್ಟರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಔಷಧ ಬದಲಿಸಿದರು. "ಇನ್ಮೇಲೆ ಮಕ್ಕಳ ಕಿವಿ ಅಂದ್ರೆ ಎರಡು ತಟ್ಟೆ ಹಾಕಮ್ಮ."

"ಇವತ್ತಿಂದಾನೇ ಹಾಕ್ತಾ ಇದೀನಿ ಸಾರ್."

ಹತ್ತು ದಿನದ ಮೇಲೆ ಶಿವಗಂಗಮ್ಮ ಮತ್ತೆ ಬಂದಾಗ ಕಿವಿ ಒಣಗಿತ್ತು. ಪಂಕಜಾ ಸದ್ದಿಲ್ಲದೆ ಮಗುವಿನ ಹಿಂದೆ ಹೋಗಿ, ಎಡಗಡೆ ಮೆಲ್ಲಗೆ ಚಿಟಿಕೆ ಹೊಡೆದಳು.

ಮಗು ತಟ್ಟನೆ ಎಡಕ್ಕೆ ತಿರುಗಿ ಅವಳ ಬೆರಳು ಹಿಡಿದುಕೊಂಡಿತು.