ಇಚಲಕರಂಜಿಯಲ್ಲಿ ವಿಷ್ಣು ಕೆಮ್ಮುತ್ತಿದ್ದ ವರ್ಷ

ಇಚಲಕರಂಜಿಗೆ ಬಂದ ಮೊದಲ ವಾರ ನನಗೆ ಕಿವುಡು ಬಂದಿದೆ ಎಂದೇ ತಿಳಿದಿದ್ದೆ. ಜನ ನನ್ನ ಮುಖದ ಹತ್ತಿರ ಬಂದು ತುಟಿ ಆಡಿಸುತ್ತಿದ್ದರು, ಮಾತು ಮಾತ್ರ ಕೇಳುತ್ತಿರಲಿಲ್ಲ. ಒಂದೇ ತಗಡಿನ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಮಾಗ. ಮಾಗ ಎಂದರೆ ಇಲ್ಲಿಯವರ ಮರಾಠಿಯಲ್ಲಿ ಮಗ್ಗ. ಅವೆಲ್ಲ ಒಟ್ಟಿಗೆ ಹೊಡೆದುಕೊಳ್ಳುವಾಗ ನೆಲ ನಡುಗುತ್ತಿತ್ತು, ಬಾಯೊಳಗಿನ ಹಲ್ಲೂ ನಡುಗುತ್ತಿದ್ದವು. ನಾನು ಹುಕ್ಕೇರಿ ಕಡೆಯ ಹಳ್ಳಿಯಲ್ಲಿ ಕುರಿ ಕಾಯ್ದು ಬೆಳೆದವನು. ಅಲ್ಲಿ ಎರಡು ಹೊಲದಾಚೆ ಕುರಿ ಕೆಮ್ಮಿದರೆ ಯಾವ ಕುರಿ ಎಂದು ಹೇಳಬಲ್ಲವನಾಗಿದ್ದೆ. ಇಲ್ಲಿ ಪಕ್ಕದಲ್ಲಿ ನಿಂತವನು ಏನಂದ ಎಂದು ತಿಳಿಯಲು ಅವನ ತುಟಿ ಓದುವುದನ್ನು ಕಲಿಯಬೇಕಾಯಿತು.

ಕಲಿಸಿದವನು ಪಕ್ಕದ ಮಾಗದ ವಿಷ್ಣು. ಗಡಹಿಂಗ್ಲಜ ಹತ್ತಿರದ ಹಳ್ಳಿಯವನು. ಮನೆಯಲ್ಲಿ ತಾಯಿಯೊಂದಿಗೆ ಕನ್ನಡ, ಹೊರಗೆ ಮರಾಠಿ. ಅವನ ಖೋಲಿಯಲ್ಲಿ, ಅಂದರೆ ಸಾಲುಮನೆಗಳ ಚಾಳದ ಒಂದು ಕೋಣೆಯಲ್ಲಿ, ನನಗೆ ಜಾಗ ಸಿಕ್ಕಿತು. ಊರಿನ ನಮ್ಮ ಮನೆಗೂ ಬಾಗಿಲಿತ್ತು, ಆದರೆ ಒಳಗಿನಿಂದ ಹಾಕಿಕೊಳ್ಳುವ ರೂಢಿ ಇರಲಿಲ್ಲ. ಇಲ್ಲಿ ಚಿಲಕವಿತ್ತು. ದುಡಿಯಲು ಬಂದ ಇಬ್ಬರು ಗಂಡಸರು ಒಂದೇ ಖೋಲಿಯಲ್ಲಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನನ್ನ ಮನಸ್ಸು ಯಾವ ಕಡೆ ಎಂಬುದು ಊರಿನಲ್ಲೇ ನನಗೆ ಗೊತ್ತಿತ್ತು, ಹೇಳಿಕೊಳ್ಳಲು ಮಾತಿರಲಿಲ್ಲ. ವಿಷ್ಣುವಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಐದು ವರ್ಷ ನಾವು ಸಂಸಾರಸ್ಥರ ಹಾಗೆಯೇ ಬಾಳಿದೆವು. ಇದನ್ನು ಬರೆಯುವಾಗ ಹೆಸರುಗಳನ್ನು ಬದಲಿಸಿದ್ದೇನೆ.

ಊಟ ಶಾಂತವ್ವನ ಖಾನಾವಳಿಯಲ್ಲಿ. ಆಕೆ ಮುಧೋಳ ಕಡೆಯಿಂದ ಬಂದ ವಿಧವೆ. ಇಲ್ಲಿಯವರಿಗೆ ದಪ್ಪನೆಯ ಭಾಕರಿ ತಟ್ಟಿದರೆ ನಮಗೆ ಅದೇ ಹಿಟ್ಟಿನಲ್ಲಿ ತೆಳ್ಳನೆಯ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಯ ಮುಂದೆ ಕೂತಾಗ ಮಾತ್ರ ನನಗೆ ಪರಊರು ಅನಿಸುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಮುಂಜಾನೆ ಚಹಾದಂಗಡಿಯಲ್ಲಿ ನಮ್ಮ ಶೆಡ್ಡಿನ ಮಾರುತಿ ಮರಾಠಿ ಪತ್ರಿಕೆ ಹಿಡಿದು ಓದುತ್ತಿದ್ದ. ಹೆಂಡತಿ, ಇಬ್ಬರು ಮಕ್ಕಳಿದ್ದವನು, ಬಾಯಿ ಜೋರು. ಪರದೇಶದಿಂದ ಹೊಸ ರೋಗ ಬಂದಿದೆ, ಔಷಧಿಯಿಲ್ಲ ಎಂದು ಓದಿ, ಪತ್ರಿಕೆ ಮಡಚಿ, “ಗಂಡಸೂರ ಕೂಡ ಗಂಡಸೂರು ಮಲಗಿದ್ರ ಬರತೈತಂತ. ಅಂಥವರನ್ನ ಮುಟ್ಟಿದ್ರೂ ಬರತೈತಿ” ಅಂದ. ಮುಟ್ಟುವ ಮಾತು ಪತ್ರಿಕೆಯಲ್ಲಿರಲಿಲ್ಲ, ಅವನು ಸೇರಿಸಿದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ದಿನಗಳಲ್ಲಿ ವಿಷ್ಣುವಿಗೆ ಕೆಮ್ಮು ಹತ್ತಿತು. ಸಂಜೆಯಾದರೆ ಜ್ವರ. ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ. ನಡೆ ದವಾಖಾನೆಗೆ ಎಂದರೆ ಬರಲಿಲ್ಲ. “ಯಾರ ಕೂಡ ಇರ್ತಿ ಅಂತ ಕೇಳಿದ್ರ ಏನ ಹೇಳ್ಲಿ?” ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಎರಡು ತಿಂಗಳು ಹೀಗೇ ಹೋಯಿತು.

ತುಟಿ ಓದಲು ಕಲಿತದ್ದು ಆಗ ಶಾಪವಾಯಿತು. ಮಾಗಗಳ ಸದ್ದಿನಲ್ಲಿ ಯಾರಿಗೂ ಕೇಳದೆಂದು ಆಚೆ ಸಾಲಿನವರು ಆಡಿಕೊಳ್ಳುತ್ತಿದ್ದ ಮಾತು ನನಗೆ ಕಾಣುತ್ತಿತ್ತು. ಮಾರುತಿ ವಿಷ್ಣುವಿನ ಬೆನ್ನು ತೋರಿಸಿ ಆ ರೋಗದ ಹೆಸರು ಹೇಳಿದ್ದು ಕಂಡಿತು. ಆಮೇಲೆ ಅವನ ಬೆರಳು ನನ್ನ ಕಡೆ ತಿರುಗಿದ್ದೂ ಕಂಡಿತು. ಎಳೆ ಕಡಿದು ಮಾಗ ನಿಂತರೂ ನನ್ನ ಕೈ ಏಳಲಿಲ್ಲ. ವಾರದೊಳಗೆ ಖಾನಾವಳಿಯಲ್ಲಿ ನಾಲ್ವರು ಪಂಕ್ತಿಯಿಂದೆದ್ದು ನಿಂತು, ಒಂದೋ ವಿಷ್ಣು ಇಲ್ಲವೇ ನಾವು ಎಂದರು. ಅವತ್ತಿನಿಂದ ವಿಷ್ಣು ಊಟಕ್ಕೆ ಹೋಗುವುದನ್ನೇ ಬಿಟ್ಟ. ನಾನು ಡಬ್ಬಿ ತರುತ್ತಿದ್ದೆ.

ಆದರೆ ನಾನೇನು ಮಾಡಿದೆ ಎಂಬುದನ್ನೂ ಹೇಳಬೇಕು. ನನ್ನ ಹಾಸಿಗೆಯನ್ನು ಬಾಗಿಲ ಬಳಿ ಹಾಕಿಕೊಂಡೆ. ನನಗೆಂದು ಬೇರೆ ಕೊಡದಲ್ಲಿ ನೀರು ತುಂಬಿದೆ. ಸ್ನಾನ ಮಾಡುವಾಗ ಮೈಮೇಲೆ ಎಲ್ಲಾದರೂ ಕಲೆ ಎದ್ದಿದೆಯೇ ಎಂದು ಬೆರಳಿನಿಂದ ತಡಕುತ್ತಿದ್ದೆ. ವಿಷ್ಣು ಎರಡನೆಯ ಕೊಡವನ್ನು ನೋಡಿದ.

ಕಫದಲ್ಲಿ ರಕ್ತ ಕಂಡ ದಿನ ಅವನನ್ನು ಬಸ್ಸು ಹತ್ತಿಸಿ ಕೊಲ್ಹಾಪುರದ ಒಂದು ಆಸ್ಪತ್ರೆಗೆ ಕರೆದೊಯ್ದೆ. ಚೀಟಿ ಬರೆಯುತ್ತಿದ್ದ ನರ್ಸು ತಲೆ ಎತ್ತದೆ ಕೇಳಿದಳು: “ಹಾ ತುಮಚಾ ಕೋಣ ಲಾಗತೋ?” ಇವನು ನಿಮಗೇನಾಗಬೇಕು ಎಂದು.

“ಕೋಣೀ ನಾಹೀ” ಎಂದೆ. ಯಾರೂ ಅಲ್ಲ. “ಒಂದೇ ಖಾನಾವಳಿಯವರು, ಅಷ್ಟೇ.”

ವಿಷ್ಣು ಎರಡು ಹೆಜ್ಜೆ ಹಿಂದೆ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಕೇಳಿಸಿತು. ವಾರ್ಡಿಗೆ ಹೋಗುವಾಗ, “ನೀ ಹೋಗು, ಪಾಳಿ ತಪ್ಪತೈತಿ” ಎಂದಷ್ಟೇ ಅಂದ. ನಾನು ಹೋದೆ.

ನಾಲ್ಕು ದಿನ ಖೋಲಿಯಲ್ಲಿ ಒಬ್ಬನೇ ಇದ್ದೆ. ಅವನ ಚಾದರ ಬಿಸಿನೀರಿಗೆ ಹಾಕಿ ಕುದಿಸಿದೆ, ಕುದಿಸಿದ ಮೇಲೆ ಅತ್ತೆ. ಊರಿನಲ್ಲಿ ಕುರಿಗೆ ಬೇನೆ ಬಂದರೆ ಅಪ್ಪ ಅದನ್ನು ಹಿಂಡಿನಿಂದ ಬೇರೆ ಕಟ್ಟುತ್ತಿದ್ದ. ಆದರೆ ಅದರ ಪಕ್ಕದಲ್ಲೇ ಕಂಬಳಿ ಹಾಸಿ ಮಲಗುತ್ತಿದ್ದ, ಬೇನೆ ಬಂದದ್ದಕ್ಕೆ ಅದನ್ನು ಬೈದವನಲ್ಲ. ಐದನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಈ ಸಲ ಅದೇ ನರ್ಸಿಗೆ “ಭಾವ” ಎಂದೆ. ನಮ್ಮಲ್ಲಿ ಭಾವ ಎಂದರೆ ಅಕ್ಕನ ಗಂಡ, ಇಲ್ಲಿಯ ಆಡುಮಾತಿನಲ್ಲಿ ಒಡಹುಟ್ಟಿದವನು. ಎರಡೂ ಸುಳ್ಳೇ. ಆದರೂ ‘ಯಾರೂ ಅಲ್ಲ’ ಎಂಬುದಕ್ಕಿಂತ ಹತ್ತಿರದ ಸುಳ್ಳು.

ಡಾಕ್ಟರು ಬೆಳಗಾವಿಯ ಹೆಣ್ಣುಮಗಳು. ನನ್ನ ಮರಾಠಿ ಕೇಳಿ ತಾವೇ ಕನ್ನಡಕ್ಕೆ ಬಂದರು. “ಇವರಿಗೆ ಕ್ಷಯ ಐತ್ರಿ. ಗುಳಿಗಿ, ಸೂಜಿ ತಪ್ಪಸಲಾರದ ತಗೊಂಡ್ರ ವಾಸಿ ಆಗತೈತಿ. ಆ ಹೊಸ ರೋಗದ ತಪಾಸಣಿಗೂ ರಕ್ತ ಕಳಿಸೇವಿ, ಅದಕ್ಕ ದಿನ ಹಿಡೀತಾವ. ನೀವಿಬ್ಬರೂ ಒಂದ ಖೋಲಿಯಾಗ ಇರ್ತೀರೇನು?”

ನಾನು ಬಾಗಿಲು ಮುಚ್ಚಿದೆಯೇ ಎಂದು ನೋಡಿದೆ.

“ಹೆದರಬ್ಯಾಡ್ರಿ. ನಿಮ್ಮ ಎದಿ ತಪಾಸಣಿ ಮಾಡಬೇಕು, ಅದಕ್ಕ ಕೇಳಾಕತ್ತೇನಿ. ಕ್ಷಯ ಕೆಮ್ಮಿದ್ರ ಹರಡತೈತಿ. ನೀವು ಅಂಜೂ ಆ ರೋಗ ಮುಟ್ಟಿದ್ರ ಬರೂದಿಲ್ಲ, ಕೂಡಿ ಉಂಡ್ರ ಬರೂದಿಲ್ಲ. ರಕ್ತದಿಂದ, ಸೂಜಿಯಿಂದ, ಮೈ ಕೂಡೂದ್ರಿಂದ ಬರತೈತಿ. ಗಂಡಸರಿಗೂ ಬರತೈತಿ, ಹೆಂಗಸರಿಗೂ ಬರತೈತಿ. ಇಂಥವರಿಗಷ್ಟ ಅಂತ ಯಾರೂ ಬರದಿಟ್ಟಿಲ್ಲ. ಜನ ಹಿಂಗ ಬೆರಳು ಮಾಡಿದ್ರ ಏನಾಗತೈತಿ ಗೊತ್ತೇನ್ರಿ? ಅಂಜಿ ಯಾರೂ ದವಾಖಾನಿಗೆ ಬರೂದಿಲ್ಲ. ಇವರು ಎರಡು ತಿಂಗಳ ಮೊದಲ ಬಂದಿದ್ರ ಇಷ್ಟು ಸೊರಗತಿರಲಿಲ್ಲ.”

ನನ್ನ ಎದೆ ಶುದ್ಧವಾಗಿತ್ತು. ವಿಷ್ಣುವಿನ ರಕ್ತದ ಚೀಟಿ ಬರಲು ಒಂದು ತಿಂಗಳು ಹಿಡಿಯಿತು. ರೋಗವಿಲ್ಲ ಎಂದಿತ್ತು. ಐದನೆಯ ದಿನ ನಾನು ಹೋದಾಗ ಅದಿನ್ನೂ ಬಂದಿರಲಿಲ್ಲ, ಅಷ್ಟೇ ನನಗಿರುವ ಸಮಾಧಾನ. ಅವತ್ತೇ ರೋಗವಿದೆ ಎಂದು ಬಂದಿದ್ದರೆ ಆರನೆಯ ದಿನ, ಏಳನೆಯ ದಿನ ಹೋಗುತ್ತಿದ್ದೆನೇ? ಈಗಲೂ ಗೊತ್ತಿಲ್ಲ.

ಎರಡು ತಿಂಗಳು ತಾಯಿಯ ಹತ್ತಿರವಿದ್ದು ಔಷಧಿ ತೆಗೆದುಕೊಂಡು, ಇನ್ನು ಕೆಮ್ಮಿನಿಂದ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ವಿಷ್ಣು ಮರಳಿ ಬಂದ. ಡಾಕ್ಟರ ಮಾತನ್ನೆಲ್ಲ ನಾನು ಶಾಂತವ್ವನಿಗೆ ಹೇಳಿದ್ದೆ. ಆಕೆ ಪಂಕ್ತಿಯ ನಡುವೆ ಅವನ ತಾಟಿಟ್ಟಳು.

ಎದ್ದು ನಿಂತವರಿಗೆ, “ರೊಟ್ಟಿ ಬಡಿಯಾಕಿ ನಾನು. ಯಾರು ಎಲ್ಲಿ ಕುಂದ್ರಬೇಕು ಅನ್ನೂದೂ ನಾನ ಹೇಳ್ತೇನಿ” ಅಂದಳು.

ಇಬ್ಬರು ಕೂತರು. ಇಬ್ಬರು ಖಾನಾವಳಿ ಬಿಟ್ಟರು. ವಿಷ್ಣು ತಲೆ ತಗ್ಗಿಸಿ ಅರ್ಧ ರೊಟ್ಟಿ ತಿಂದ.

ಕೆಲ ದಿನಗಳ ನಂತರ ಮಾರುತಿ ಪಾಳಿ ಬಿಟ್ಟಾಗ ನನ್ನ ಜತೆ ನಡೆಯತೊಡಗಿದ. ಅವನ ಮುಖ ಬಿಳಿಚಿಕೊಂಡಿತ್ತು. “ಯಲ್ಲಪ್ಪಾ, ಆ ಡಾಕ್ಟರ ಅಕ್ಕಾರು ಯಾವ ದಿನ ಸಿಗತಾರ?” ಎಂದ. ಸುತ್ತ ನೋಡಿ, “ಲಗ್ನಕ್ಕಿಂತ ಮೊದಲೂ, ಆಮ್ಯಾಲೂ… ನನ್ನದೂ ನಿಮ್ಮಿಬ್ಬರ ಹಂಗ ಐತಿ. ಮನ್ಯಾಗ ಗೊತ್ತಿಲ್ಲ. ನಿದ್ದಿ ಬರವಲ್ದು” ಎಂದ. ಅಷ್ಟು ದಿನ ಅವನ ಮೇಲಿದ್ದ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಜತೆಗೆ ಹೋದೆ.

ಆ ಬೇಸಿಗೆಯಲ್ಲಿ ಊರಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಇಚಲಕರಂಜಿಯಲ್ಲಿ ಏನೋ ಕೆಟ್ಟ ರೋಗವಂತೆ, ಅಲ್ಲಿಂದ ಬಂದವರಿಗೆಲ್ಲ ಇರುತ್ತದಂತೆ. ಅಣ್ಣ ನನ್ನ ಹಾಸಿಗೆಯನ್ನು ಕುರಿಹಟ್ಟಿಯ ಬಳಿ ಹಾಕಿಸಿ, “ಹೊರಗ ಗಾಳಿ ಛಲೋ ಐತಿ” ಎಂದ. ಡಾಕ್ಟರು ಹೇಳಿದ್ದನ್ನು ಅವನಿಗೂ ಅವ್ವನಿಗೂ ಹೇಳಿದೆ, ಒಂದು ಮಾತೂ ಬಿಡದೆ. ಅಣ್ಣ ತಾನೇ ಹಾಸಿಗೆ ಎತ್ತಿ ಒಳಪಡಸಾಲೆಗೆ ತಂದ. ಆದರೆ ಅವ್ವ, “ಇದೆಲ್ಲಾ ನಿನಗ ಹ್ಯಾಂಗ ಗೊತ್ತಾತು? ಯಾರಿಗೆ ಬ್ಯಾನಿ ಆಗಿತ್ತು?” ಎಂದು ಕೇಳಿದಳು. ಶೆಡ್ಡಿನಲ್ಲಿ ಯಾರೋ ಒಬ್ಬರಿಗೆ ಎಂದೆ.

ಇನ್ನೂ ಎರಡು ದಿನ ಇರಬೇಕಿತ್ತು, ಮರುದಿನವೇ ಹೊರಟೆ. ಖೋಲಿ ಸೇರಿದಾಗ ವಿಷ್ಣು ಗುಳಿಗೆ ನುಂಗುತ್ತಿದ್ದ.

“ಊರಾಗ ಹ್ಯಾಂಗ ಅದಾರ? ಛಲೋ ನೋಡಿಕೊಂಡ್ರಿಲ್ಲೋ?”

“ಭಾಳ ಛಲೋ” ಎಂದೆ. “ನಿನ್ನ ಬಗ್ಗೇನೂ ಕೇಳಿದ್ರು.”