ಹಳೆಯ ಆಪಿನೊಳಗಿನ ಅಣ್ಣ

ಆಪನ್ನು ಹೊಸದಾಗಿ ಮಾಡಿಸಬೇಕೆಂದು ನಾನು ಪಟ್ಟು ಹಿಡಿದಾಗ ಎಲ್ಲರಿಗೂ ಒಂದೇ ಕಾರಣ ಹೇಳುತ್ತಿದ್ದೆ: ಹಳೆಯದು ಹೊಸ ಫೋನುಗಳಲ್ಲಿ ಓಡುವುದಿಲ್ಲ. ಅದು ಸುಳ್ಳೇನಲ್ಲ. ಹಡಗಲಿ ರಸ್ತೆಯ ಅರ್ಧ ದಾರಿಗೆ ಪರದೆ ಕಪ್ಪಾಗುತ್ತಿತ್ತು. ಇಟ್ಟಿಗಿ ಊರಿಗೆ ಹೋದ ಔಷಧಿ ಪೆಟ್ಟಿಗೆ ಕೂಡ್ಲಿಗಿಯಲ್ಲಿದೆ ಎಂದು ತೋರಿಸುತ್ತಿತ್ತು. ಪೆಟ್ಟಿಗೆ ಒಯ್ಯುವ ಬೈಕಿನವರು ನನ್ನನ್ನು ಬೈಯಲಾಗದೆ ಫೋನನ್ನು ಬೈಯುತ್ತಿದ್ದರು. ಆದರೆ ನಿಜವಾದ ಕಾರಣ ಬೇರೆ. ಆ ಆಪಿನೊಳಗೆ ನಮ್ಮಣ್ಣನ ದನಿ ಇತ್ತು, ಅಣ್ಣ ಇರಲಿಲ್ಲ. ಅದನ್ನು ದಿನವೂ ಕೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಕೊಟ್ಟೂರಿನ ನಮ್ಮ ಔಷಧಿ ಗೋದಾಮನ್ನು ಶುರು ಮಾಡಿದವನು ಅವನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ತಿಂಗಳು ತಿಂಗಳು ಗುಳಿಗೆ ಬೇಕಾದವರ ಮನೆಗೆ ನಾವು ಪೆಟ್ಟಿಗೆ ಕಳಿಸುತ್ತೇವೆ. ಬೈಕು ಊರು ಮುಟ್ಟಿತೆಂದರೆ ಹಳೆಯ ಆಪ್ ತಾನಾಗಿಯೇ ಆ ಮನೆಗೆ ಫೋನು ಹಚ್ಚುತ್ತಿತ್ತು. ಗುಳಿಗೆ ಬಂದಿದೆ, ಬಾಗಿಲು ತೆಗೆಯಿರಿ ಎಂದು ಅಣ್ಣ ಅದರಲ್ಲಿ ಮೊದಲೇ ಮಾತಾಡಿ ಇಟ್ಟಿದ್ದ. ಅಷ್ಟಕ್ಕೇ ಬಿಡುವ ಜನವಲ್ಲವಲ್ಲ ನಾವು. ಊಟದ ಮಾತು ಕೇಳದೆ ಫೋನು ಇಟ್ಟರೆ ನಮ್ಮಲ್ಲಿ ಅದನ್ನು ಸೊಕ್ಕು ಅನ್ನುತ್ತಾರೆ. ಅದಕ್ಕೇ ಕೊನೆಗೆ ಉಂಡ್ರೇನು ಎಂದು ಕೇಳಿ ಒಂದು ಗಳಿಗೆ ಸುಮ್ಮನಿದ್ದ. ಆ ಬಿಡುವಿನಲ್ಲಿ ಅವರು ಆಡಿದ ಮಾತು ಗೋದಾಮಿನಲ್ಲಿ ಕೂತ ನನ್ನ ಕಿವಿಗೆ ಬರುತ್ತಿತ್ತು. ಮನೆಯಲ್ಲಿ ಜನ ಇದ್ದಾರೆಂದು ಖಾತ್ರಿಯಾದ ಮೇಲೆ ಬೈಕಿನವನಿಗೆ ಹೋಗೆನ್ನುತ್ತಿದ್ದೆ.

ಅಣ್ಣ ಹೋದದ್ದು ಬಿಪಿಯಿಂದ. ಊರೂರಿಗೆ ಗುಳಿಗೆ ಮುಟ್ಟಿಸಿದ ಪುಣ್ಯಾತ್ಮ ತನ್ನದನ್ನು ಮಾತ್ರ ನುಂಗಲಿಲ್ಲ. ಈಗಲೂ ನನಗೆ ಅವನ ಮೇಲೆ ಸಿಟ್ಟಿದೆ. ಮಣ್ಣು ಮಾಡಿ ಬಂದ ಮೇಲೆ ನಾನು ಮೊದಲ ಸಲ ಕೆಲಸಕ್ಕೆ ಕೂತಾಗ ಕಿವಿಯಲ್ಲಿ ಅವನು ಎಂದಿನಂತೆ ಊಟದ ಮಾತು ಕೇಳಿದ. ಆ ಕಡೆಯಿಂದ ಯಾರೋ, ಉಂಡ್ವಪ್ಪ, ನೀ ಉಂಡ್ಯಾ ಅಂದರು. ಎಷ್ಟೋ ಮುದುಕರಿಗೆ ಅದು ಹಿಡಿದಿಟ್ಟ ದನಿ ಎಂದೇ ಗೊತ್ತಿರಲಿಲ್ಲ. ಅವನು ಊರೂರು ತಿರುಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕೊಟ್ಟೂರಿನ ಸಾವಿನ ಸುದ್ದಿಯನ್ನು ಹೊಳೆ ದಂಡೆಯ ಹಳ್ಳಿಗಳವರೆಗೆ ಯಾರು ಒಯ್ಯುತ್ತಾರೆ? ಬೈಕಿನವರು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಜನ ಅವನನ್ನು ಮದುವೆಗೆ ಕರೆದರು. ಮಳೆಯಾಯಿತೆಂದು ಹೇಳಿದರು. ದನಿ ಯಾಕೋ ಸಣ್ಣದಾಗಿದೆ, ಮೈ ನೋಡಿಕೋ ಎಂದು ಒಬ್ಬಾಕೆ ಬೈದಳು. ಮಧ್ಯಾಹ್ನದ ಬುತ್ತಿಯನ್ನು ನಾನು ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದೆ. ದಿನವೂ ಮಾತಾಡುವವನಿಗಾಗಿ ಅಳುವುದಾದರೂ ಹೇಗೆ?

ದಾವಣಗೆರೆಯ ಹೆಣ್ಣುಮಗಳೊಬ್ಬಳು ಹೊಸ ಆಪ್ ಮಾಡಿಕೊಟ್ಟಳು. ಬಲು ಚುರುಕು. ನಕಾಶೆ ಸರಿಹೋಯಿತು, ಸಿಗ್ನಲ್ ಇಲ್ಲದ ಕಡೆಯೂ ಕೆಲಸ ನಡೆಯಿತು, ಇನ್ಸುಲಿನ್ ಪೆಟ್ಟಿಗೆ ಬಿಸಿಯಾದರೆ ಬೈಕಿನವನ ಫೋನು ಕೂಗತೊಡಗಿತು. ಹಳೆಯ ದನಿಯನ್ನು ಹಾಗೇ ಸೇರಿಸಲೇ ಎಂದು ಅವಳು ಕೇಳಿದಾಗ ಬೇಡವೇ ಬೇಡ ಅಂದೆ. ಅದರ ಬದಲು ಮನೆಯವರ ಫೋನಿಗೆ ಒಂದು ನಂಬರ್ ಹೋಗುತ್ತದೆ, ಅವರು ಅದನ್ನು ಹೇಳಿದರೆ ಬೈಕಿನವನು ಪೆಟ್ಟಿಗೆ ಕೊಡುತ್ತಾನೆ. ಹೆಡ್‌ಫೋನ್ ತೆಗೆದಿಟ್ಟು ಆ ವಾರ ಹೊಟ್ಟೆ ತುಂಬ ಉಂಡೆ. ನಾಚಿಕೆಯೇನೂ ಆಗಲಿಲ್ಲ.

ಆಮೇಲೆ ಹಲವಾಗಲು ಕಡೆಯಿಂದ ಒಂದು ಪೆಟ್ಟಿಗೆ ವಾಪಸ್ ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಒಬ್ಬ ಮುದುಕಿಯ ಮೂರ್ಛೆರೋಗದ ಗುಳಿಗೆ. ತಪ್ಪಿಸಿದರೆ ಉರಿಯುವ ಒಲೆಯ ಮುಂದೆಯೇ ಬೀಳುವ ಹೆಂಗಸು, ಮನೆಯಲ್ಲಿದ್ದ ಗುಳಿಗೆಯೂ ಮುಗಿದಿತ್ತು. ನಂಬರ್ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾಳೆಂದು ಬೈಕಿನವನು ಹೇಳಿದ. ಬ್ಯಾಂಕಿನ ಹೆಸರು ಹೇಳಿ ದುಡ್ಡು ಹೊಡೆಯುವ ಫೋನುಗಳು ಬರತೊಡಗಿದಾಗ, ಫೋನಿಗೆ ಬಂದ ನಂಬರನ್ನು ಯಾರು ಕೇಳಿದರೂ ಹೇಳಬೇಡಿ ಎಂದು ಮನೆಮನೆಗೆ ಹೋಗಿ ತಿಳಿಸಿದ್ದವನು ನಮ್ಮಣ್ಣನೇ. ನಾನದನ್ನು ಮರೆತಿದ್ದೆ, ಮುದುಕಿ ಮರೆತಿರಲಿಲ್ಲ. ನಂಬರ್ ಗಿಂಬರ್ ಬೇಡ, ಸುಮ್ಮನೆ ಕೊಟ್ಟು ಬಾ ಎಂದು ಮತ್ತೆ ಕಳಿಸಿದೆ. ಅಣ್ಣ ಫೋನು ಮಾಡಿ ಹೇಳದೆ ಬಂದ ಗುಳಿಗೆಯನ್ನು ತಾನು ಮುಟ್ಟುವುದಿಲ್ಲ ಎಂದು ಒಳಗಿನಿಂದಲೇ ಹೇಳಿ ಚಿಲಕ ಹಾಕಿಕೊಂಡಳಂತೆ.

ಬೈಕಿನವನು ಅಂಗಳದಲ್ಲೇ ನಿಂತಿದ್ದ. ನಾನೇ ಅವಳಿಗೆ ಫೋನು ಹಚ್ಚಿ, ಗುಳಿಗೆಯ ಫೋನು ಮಾಡುತ್ತಿದ್ದವನ ತಂಗಿ ಎಂದು ಹೇಳಿಕೊಂಡೆ. ಅವನ ಕೈಗೆ ಫೋನು ಕೊಡು ಅಂದಳು. ಅವನಿಲ್ಲ ಅಂದೆ. ಯಾವಾಗ ಬರುತ್ತಾನೆ ಎಂದು ಕೇಳಿದಳು. ಅವನು ಸತ್ತನೆಂಬ ಮಾತನ್ನು ನಾನು ಅಲ್ಲಿಯವರೆಗೆ ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದವರಿಗೆಲ್ಲ ಗೊತ್ತೇ ಇರುತ್ತಿತ್ತು, ಹೇಳುವ ಪ್ರಮೇಯವೇ ಬಂದಿರಲಿಲ್ಲ.

"ಅವ ಸತ್ತಾನಬೇ" ಅಂದೆ. "ಹೋದ ವರ್ಷನ."

"ಸುಳ್ಳು ಹೇಳಬ್ಯಾಡ. ಮೊನ್ನಿ ಮೊನ್ನಿ ನನ್ನ ಉಂಡ್ಯೇನಂತ ಕೇಳ್ಯಾನ."

ಏನು ಹೇಳಿದರೂ ಅವಳು ನಂಬಲಿಲ್ಲ. ನಿಜ ಹೇಳಿದಷ್ಟೂ ನಾನು ಅವಳಿಗೆ ಬ್ಯಾಂಕಿನ ಕಳ್ಳಿಯಾಗುತ್ತಿದ್ದೆ. ಹಳೆಯ ಆಪ್ ಇದ್ದ ಫೋನು ಕಪಾಟಿನಲ್ಲಿತ್ತು. ಯಾಕೆ ಒಗೆದಿರಲಿಲ್ಲ ಎಂದು ಕೇಳಬೇಡಿ. ಅವಳಿಗೆ ತಡಿ ಅಂದು, ಅದನ್ನು ಚಾಲೂ ಮಾಡಿ, ಆಪಿನಲ್ಲಿ ಅಣ್ಣನ ದನಿಯ ಗುಂಡಿ ಒತ್ತಿ, ಎರಡು ಫೋನುಗಳನ್ನೂ ಬಾಯಿಗೆ ಬಾಯಿ ಕೊಟ್ಟು ಹಿಡಿದೆ. ಅಣ್ಣ ಗುಳಿಗೆಯ ಮಾತು ಹೇಳಿದ, ಬಾಗಿಲು ತೆಗೆಯಿರಿ ಅಂದ, ಉಂಡ್ರೇನು ಅಂದ. ಆಮೇಲೆ ಸುಮ್ಮನಾದ.

ಮುದುಕಿಯ ದನಿಯೇ ಬೇರೆಯಾಯಿತು.

"ಇನ್ನೂ ಇಲ್ಲಪ್ಪ. ತಗಿತೀನಿ ತಡಿ ಬಾಗಲ. ಇಲ್ಲೊಬ್ಬಾಕಿ ನೀ ಸತ್ತೀ ಅಂತಾಳ ನೋಡು. ನೀ ಮನಸಿಗಿ ಹಚ್ಚಿಕೋಬ್ಯಾಡ."

ಚಿಲಕ ತೆಗೆದ ಸದ್ದಾಯಿತು, ಬೈಕಿನವನ ಮಾತು ಕೇಳಿಸಿತು, ಯಾರೋ ಲೋಟಕ್ಕೆ ನೀರು ತುಂಬಿಕೊಂಡರು. ನಾನು ಸೆರಗನ್ನು ಬಾಯಿಗೆ ಅದುಮಿ ಹಿಡಿದಿದ್ದೆ. ನನ್ನ ಅಳು ಕೇಳಿಸಿದ್ದರೆ ಅವಳು ಗುಳಿಗೆ ನುಂಗುತ್ತಿರಲಿಲ್ಲ.