ಪುತ್ತೂರಿಗೆ ಹೊತ್ತೊಯ್ದ ಸುದ್ದಿ

ಚೀನಾದ ಯುದ್ಧ ನಿಂತ ಮರು ಬೇಸಗೆಯಲ್ಲಿ, ಪಂಜದಿಂದ ಬೆಳಗ್ಗಿನ ಮೊದಲ ಬಸ್ಸು ಹತ್ತಿ ನಾನೊಬ್ಬಳೇ ಪುತ್ತೂರಿಗೆ ಹೊರಟೆ. ಮಿಲಿಟರಿಯಲ್ಲಿದ್ದ ನನ್ನ ಯಜಮಾನರು ರಜೆಯಲ್ಲಿ ಬರುವವರಿದ್ದರು. ಎದುರುಗೊಳ್ಳಲು ಹೋಗಬೇಕಾದವರು ಮಾವ. ಅವರು ಹಿಂದಿನ ದಿನವೇ ಕೈಚೆಲ್ಲಿದ್ದರು. "ನೀನೇ ಹೋಗಿ ಹೇಳು ಮಗಾ, ನನ್ನಿಂದ ಆಗುದಿಲ್ಲ."

ಹೇಳಬೇಕಾದದ್ದು ಇಷ್ಟೆ: ಅತ್ತೆ ತೀರಿಹೋಗಿ ಐದು ತಿಂಗಳಾಗಿತ್ತು. ಗಡಿಯಲ್ಲಿ ಇದ್ದವನಿಗೆ ಸೂತಕದ ಕಾಗದ ಹೋಗಬಾರದು, ಅವನ ಕೈ ಸೋಲುತ್ತದೆ ಎಂದು ಮಾವ ಹೇಳಿದ್ದರು. ನೆಂಟರೆಲ್ಲ ಹೌದೆಂದಿದ್ದರು. ಮನೆಯಲ್ಲಿ ಕಾಗದ ಬರೆಯುವ ಕೆಲಸ ಐದನೆಯ ತರಗತಿ ಓದಿದ್ದ ನನ್ನದೇ. ಅತ್ತೆ ಇರುವಾಗ ಕೊನೆಯ ಎರಡು ಸಾಲು ಅವರದ್ದು. ಒಲೆಯ ಮುಂದೆ ಕೂತೇ ಹೇಳುತ್ತಿದ್ದರು, ನಾನು ಹಾಗೇ ಇಳಿಸುತ್ತಿದ್ದೆ. ಆಮೇಲೆ ಆ ಜಾಗಕ್ಕೆ 'ಅವ್ವನ ಆಶೀರ್ವಾದಗಳು' ಎಂದು ನಾನೇ ಬರೆದೆ. ಸಾವಿನ ಕಾಗದದ ತಲೆಗೆ ನಮ್ಮಲ್ಲಿ 'ಕ್ಷೇಮ' ಎಂದು ಹಾಕುವುದಿಲ್ಲ. ನಾನು ಏಳು ಕಾಗದಕ್ಕೂ ಹಾಕಿದೆ.

ಟಿಕೆಟು ಒಂದು ರೂಪಾಯಿ ಚಿಲ್ಲರೆ. ನಿಂತಿಕಲ್ಲು ದಾಟುವಷ್ಟರಲ್ಲಿ ಕೆಂಪು ಧೂಳಿಗೆ ನನ್ನ ಸೀರೆಯ ಬಣ್ಣವೇ ಗುರುತು ಸಿಗದಂತಾಗಿತ್ತು. ಬೆಳ್ಳಾರೆಯಲ್ಲಿ ವೀಳ್ಯದೆಲೆ ಮಾರುವ ಹೆಂಗಸೊಬ್ಬರು ಬುಟ್ಟಿಯೊಂದಿಗೆ ಹತ್ತಿ ಪಕ್ಕದಲ್ಲಿ ಕುಳಿತರು. ಎಲ್ಲಿಗೆಂದು ಕೇಳಿದರು, ಮಿಲಿಟರಿಯಿಂದ ಬರುವ ಯಜಮಾನರನ್ನು ಕರೆತರಲು ಎಂದೆ.

"ಗಂಡ ಯುದ್ಧದಿಂದ ಬರುದಾ? ಅತ್ತೆಯನ್ನು ಕರ್ಕೊಂಡು ಬರ್ಬೇಕಿತ್ತಲ್ಲ ಮಾರಾಯ್ತಿ!"

"ಅವರಿಗೆ ಹುಷಾರಿಲ್ಲ," ಎಂದೆ. ಗುರುತಿಲ್ಲದವರಿಗೂ ಸುಳ್ಳು ಹೇಳುವಷ್ಟು ನಾಲಿಗೆ ಪಳಗಿಬಿಟ್ಟಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಂಗಳೂರಿನ ಬಸ್ಸು ಪುತ್ತೂರಿಗೆ ಬಂದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಯಜಮಾನರು ಇಳಿದರು. ಕೆನ್ನೆ ಗುಳಿಬಿದ್ದಿತ್ತು, ಎರಡು ಬೆರಳಿನ ಉಗುರು ಚಳಿಗೆ ಸತ್ತು ಕಪ್ಪಾಗಿದ್ದವು. ಹೋಟೆಲಿನಲ್ಲಿ ಬನ್ಸ್ ಮತ್ತು ಚಹಾ ತರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಟ್ರಂಕು ಬಿಚ್ಚಿ, ತಂದದ್ದನ್ನು ತೋರಿಸತೊಡಗಿದರು. ಮಾವನಿಗೆ ಕಂಬಳಿ, ನನಗೊಂದು ಸೀರೆ. ಅಷ್ಟೇ. ಅತ್ತೆಗೆ ಏನೂ ಇರಲಿಲ್ಲ.

"ನಿಮಗೆ ಗೊತ್ತುಂಟಾ?" ಎಂದು ಕೇಳಿದೆ.

"ಅವ್ವ ಯಾವತ್ತಾದರೂ ಆಶೀರ್ವಾದ ಹೇಳಿದ್ದುಂಟಾ? 'ಬಿಸಿ ಗಂಜಿ ಬಿಟ್ಟು ಹಿಮ ತಿನ್ಲಿಕ್ಕೆ ಹೋದ ಮಂಗ' ಅಂತ ಬೈಯುದಲ್ವಾ? ಬೈಗುಳ ಇಲ್ಲದ ಮೊದಲ ಕಾಗದದಲ್ಲೇ ಗೊತ್ತಾಯ್ತು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ಪ್ರತಿ ಕಾಗದದಲ್ಲಿಯೂ ಕೇಳಿದ್ದೆನಲ್ಲ, ಅವ್ವ ಹೇಗಿದ್ದಾಳೆ ಅಂತ."

ನಾನು ಅದನ್ನು ಎಲ್ಲರೂ ಬರೆಯುವ ಕುಶಲಪ್ರಶ್ನೆ ಎಂದುಕೊಂಡಿದ್ದೆ. ಅವರು ಚಹಾ ಮುಟ್ಟದೆ ಹೇಳಿದರು: "ನೀನು ಬರೆದಿದ್ರೆ ಒಂದು ದಿನ ಕೂತು ಅಳಬಹುದಿತ್ತು. ಕ್ಷೇಮ ಅಂತ ಬರೆದ ಕಾಗದ ಹಿಡ್ಕೊಂಡು ಯಾರ ಹತ್ರ ಹೇಳಿ ಅಳುದು?"

ನಾನು ಕಂಬಳಿಯನ್ನೂ ಸೀರೆಯನ್ನೂ ಮಡಚಿ ಮತ್ತೆ ಟ್ರಂಕಿಗಿಟ್ಟೆ.

ಸಂಜೆಯ ಬಸ್ಸಿನಲ್ಲಿ ಮರಳಿದೆವು. ಪುತ್ತೂರು ದಾಟಿದ ಮೇಲೆ ಅವರು ಕಿಟಕಿಯತ್ತ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರು. ಖಾಲಿ ಬುಟ್ಟಿಯೊಂದಿಗೆ ಅದೇ ಬಸ್ಸು ಹತ್ತಿದ್ದ ವೀಳ್ಯದೆಲೆಯ ಹೆಂಗಸು ಮುಂದೆ ಬಾಗಿದರು.

"ಎಂತಾಯ್ತು?"

"ಇವರ ಅವ್ವ ತೀರಿಹೋದರು," ಎಂದೆ. ಆ ಮಾತನ್ನು ಯಜಮಾನರೆದುರು ನಾನು ಹೇಳಿದ್ದು ಅದೇ ಮೊದಲು.

"ಅಯ್ಯೋ ದೇವರೇ! ಯಾವಾಗ?"

"ಇವತ್ತು," ಎಂದೆ.

ಯಜಮಾನರು ಕಿಟಕಿಯಿಂದ ತಿರುಗಿ ನನ್ನನ್ನು ನೋಡಿ, ಹೌದೆಂದು ತಲೆಯಾಡಿಸಿದರು.